ಎರೆಹೊಲದಲ್ಲಿ ಹದಿನಾಲ್ಕು ಅಂತಸ್ತು

ಅಕ್ಕನಾಗಮ್ಮ ಬಾಗಿಲು ಬಿಟ್ಟು ಗೋಡೆಯ ಮೂಲಕವೇ ತಮ್ಮ ಹೊಸ ಅಂಗಡಿಯೊಳಗೆ ಹೊರಟಾಗ ಅನುಜಾ ಓಡಿಬಂದು, "ಅಮ್ಮಾರ, ಅದು ಗ್ವಾಡಿ ಅದರಿ" ಎಂದು ತಡೆದಳು. ಗೋಡೆಯೆಂದರೆ ಕಪ್ಪು ಎರೆಮಣ್ಣಿನ ಮೇಲೆ ಎಳೆದ ಸುಣ್ಣದ ಗೆರೆ. ಅಕ್ಕನಾಗಮ್ಮ ಹಿಂದೆ ಸರಿದು, ಗೆರೆ ತುಂಡಾಗಿದ್ದಲ್ಲಿಗೆ ನಡೆದು, ನಿಜವಾದ ಬಾಗಿಲನ್ನೇ ದಾಟುವವರಂತೆ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಟ್ಟರು. ಸುತ್ತ ನಿಂತವರೆಲ್ಲ ನಕ್ಕರು. ನಗು ಮುಗಿಯುವಷ್ಟರಲ್ಲಿ ಎಲ್ಲರಿಗೂ ತಮ್ಮ ತಮ್ಮ ಅಂಗಡಿ ಹುಡುಕುವ ಹುಚ್ಚು ಹಿಡಿಯಿತು.

ವಿಜಯಪುರದಿಂದ ಟಿಕೋಟದ ರಸ್ತೆ ಹಿಡಿದರೆ ತೊರವಿ ದಾಟಿದ ಮೇಲೆ ಸಿಗುವ ಈ ಹೊಲ ಬಸಲಿಂಗಯ್ಯನವರದು. ಅವರು ನಡುಪೇಟೆಯ ಮಳಿಗೆದಾರರ ಸಂಘದ ಅಧ್ಯಕ್ಷರು. ಸಂಘದ ಹಳೆಯ ಕಟ್ಟಡ ಇಂದೋ ನಾಳೆಯೋ ಎನ್ನುವ ಹಾಗೆ ನಿಂತಿತ್ತು. ಸೀರೆ ಆರಿಸುತ್ತ ಕುಳಿತ ಗಿರಾಕಿಯ ತಲೆಯ ಮೇಲೆ ಗಾರೆ ಉದುರಿ ರಂಪವಾದದ್ದೂ ಉಂಟು. ಅದನ್ನು ಕೆಡವಿ ಊರಿನವರು ಕತ್ತೆತ್ತಿ ನೋಡುವಂಥದ್ದನ್ನು ಕಟ್ಟಬೇಕೆಂದು ಹನ್ನೆರಡು ವರ್ಷದ ಹಿಂದೆಯೇ ನಕ್ಷೆಯಾಗಿತ್ತು. ಒಂಬತ್ತು ಅಂತಸ್ತಿನ ಆ ನಕ್ಷೆ ಊರಿನ ಹಿರಿಯ ಆರ್ಕಿಟೆಕ್ಟ್ ವೇದವ್ಯಾಸರದು. ನೆಲಮಹಡಿಯ ಮುಂದಿನ ಸಾಲಿನ ಜಾಗ ಯಾರಿಗೆ ಎಂದು ಸದಸ್ಯರೆಲ್ಲ ಕಚ್ಚಾಡಿ ಕೊನೆಗೆ ಅದು ಕಪಾಟು ಸೇರಿತು.

ಈಗ ಬಂದ ಹೊಸ ನಕ್ಷೆಗೆ ಹದಿನಾಲ್ಕು ಅಂತಸ್ತು. ಅದು ಅನುಜಾಳದು. ಆರು ವರ್ಷ ವೇದವ್ಯಾಸರ ಕೈಕೆಳಗೆ ಕೆಲಸ ಕಲಿತು, ಸ್ವಂತ ಆಫೀಸು ತೆರೆದು ಮೂರು ವರ್ಷವಾಗಿತ್ತು; ಈ ಮೂರು ವರ್ಷವೂ ಬಚ್ಚಲು, ಮೆಟ್ಟಿಲು, ಕಾಂಪೌಂಡು ಬರೆದದ್ದೇ ಬಂತು. ಈ ಕಟ್ಟಡ ಕೈತಪ್ಪಿದರೆ ಇಂಥ ಇನ್ನೊಂದು ಈ ಊರಿನಲ್ಲಿ ಯಾವ ಕಾಲಕ್ಕೆ ಏಳುತ್ತದೋ ಯಾರಿಗೆ ಗೊತ್ತು.

ಹೋದ ತಿಂಗಳ ಸಭೆಯಲ್ಲಿ ಎರಡೂ ನಕ್ಷೆಗಳನ್ನು ಅಕ್ಕಪಕ್ಕ ತೂಗುಹಾಕಿದ್ದರು. ಸದಸ್ಯರು ಹೊಸದನ್ನು ನೋಡಿ ಚಂದ ಐತಿ ಎಂದರು, ಹಳೆಯದನ್ನು ನೋಡಿ ಅದೂ ಚಂದ ಐತಿ ಎಂದರು. ಹಳೆಯದರ ಮೂಲೆಯಲ್ಲಿ ಅರ್ಧ ಜನರ ತಂದೆಯವರ ಸಹಿಗಳಿದ್ದವು. ಅವರು ಗೋಡೆ ಬಾಗಿಲು ನೋಡುವುದು ಬಿಟ್ಟು ತಂದೆಯ ಸಹಿ ಹುಡುಕುತ್ತ ಕಣ್ಣೊರೆಸಿಕೊಂಡರು. ಕಡೆಗೆ ಬಸಲಿಂಗಯ್ಯ, "ಕಾಗದ ನೋಡಿದ್ರ ನಮಗೇನೂ ತಿಳಿಯಾಂಗಿಲ್ಲ ತಂಗಿ. ನೆಲದ ಮ್ಯಾಲ ಗೀರಿ ತೋರಸ್ರಿ, ಅಡ್ಡಾಡಿ ನೋಡತೀವಿ" ಎಂದರು. ಕಡಲೆ ಕಿತ್ತ ಹೊಲವನ್ನು ಸಪಾಟು ಮಾಡಿಸಿಕೊಟ್ಟರು. ಮಲ್ಲಿಕಸಾಬ ಮೇಸ್ತ್ರಿ ಎರಡು ದಿನ ಬಗ್ಗಿ ಸುಣ್ಣ ಚೆಲ್ಲಿ, ಎಡಕ್ಕೆ ಹಳೆಯದರ ನೆಲಮಹಡಿ, ಬಲಕ್ಕೆ ಹೊಸದರ ನೆಲಮಹಡಿ, ಎರಡನ್ನೂ ಇದ್ದ ಅಳತೆಗೇ ಬರೆದಿದ್ದ. ಎಲ್ಲ ನೋಡಿಯಾದ ಮೇಲೆ ಯಾವ ನಕ್ಷೆಯೊಳಗೆ ಹೆಚ್ಚು ಜನ ಹೋಗಿ ನಿಲ್ಲುತ್ತಾರೋ ಅದೇ ಕಟ್ಟಡ.

ಹೊಸದಕ್ಕೆ ಬರುವ ಮೊದಲು ಹಳೆಯದರಲ್ಲಿ ಅಡ್ಡಾಡಿದ್ದರು. ವೇದವ್ಯಾಸರು ಅದರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಟ್ಟರು. ಮುಂದಿನ ಸಾಲಿನವರು ಹಿಗ್ಗಿದರು. ಹಿಂದಿನ ಸಾಲಿನವರ ಮುಖ ಮಾತ್ರ ಸಪ್ಪಗಾಯಿತು. ಅಲ್ಲಿ ಹಾಡುಹಗಲೇ ದೀಪ ಹಚ್ಚಬೇಕಾಗುತ್ತದೆಂದು ನೆಲದ ಮೇಲೆ ನಿಂತ ಮೇಲೆಯೇ ಅವರಿಗೆ ಹೊಳೆದದ್ದು.

ಹೊಸದರಲ್ಲಿ ಹಿಂದೆ ಮುಂದೆ ಎಂಬುದೇ ಇರಲಿಲ್ಲ. ನಡುವೆ ಆಕಾಶಕ್ಕೆ ತೆರೆದ ದೊಡ್ಡ ಅಂಗಳ, ಅದರ ಸುತ್ತ ಎಲ್ಲ ಅಂಗಡಿಗಳು. ಈ ಕೊನೆಯವರು ಆ ಕೊನೆಯವರನ್ನು ಕೂಗಿ ಮಾತಾಡಿಸಿದರು. ಲಿಫ್ಟ್ ಬರುವಲ್ಲಿ ನಾಲ್ವರು ಒತ್ತಿಕೊಂಡು ನಿಂತು ಇನ್ನೂ ಇಬ್ಬರನ್ನು ಕರೆದರು. ತುದಿಯ ಅಂತಸ್ತಿನಿಂದ ಗುಮ್ಮಟ ಕಾಣುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ ಅನುಜಾ ಗುಮ್ಮಟವಷ್ಟೇ ಅಲ್ಲ, ಭೂತನಾಳ ಕೆರೆಯೂ ಕಾಣುತ್ತದೆ ಎಂದಳು. ಎಲ್ಲರೂ ಒಟ್ಟಿಗೆ ತಲೆಯೆತ್ತಿ, ಏನೂ ಇಲ್ಲದ ಆಕಾಶದಲ್ಲಿ ಹದಿನಾಲ್ಕನೆಯ ಅಂತಸ್ತು ಹುಡುಕಿದರು. ಅನುಜಾಳಿಗೆ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಗೆದ್ದೆ ಎಂದೇ ಅಂದುಕೊಂಡಳು.

ಅಷ್ಟರಲ್ಲಿ ಅಕ್ಕನಾಗಮ್ಮ ಗಾಡಿಯಿಂದ ಜಮಖಾನ ತರಿಸಿ ತಮ್ಮ ಅಂಗಡಿಯಲ್ಲಿ ಹಾಸಿದರು. ಇಳಕಲ್ ಸೀರೆಯ ಅಂಗಡಿ ಅವರದು. ಗಾದಿಯಿಲ್ಲದ ಅಂಗಡಿಯನ್ನು ಅವರು ಅಂಗಡಿಯೆಂದು ಒಪ್ಪುವವರೇ ಅಲ್ಲ. ಅವರನ್ನು ನೋಡಿ ಉಳಿದವರೂ ಚಾದರ, ಟವೆಲ್ಲು, ಸಿಕ್ಕಿದ್ದನ್ನು ಹಾಸಿ ಕುಳಿತರು. ಮನೆಯವರು, ಬೀಗರು ಗಿರಾಕಿಗಳಾಗಿ ಬಂದರು. ಇಲ್ಲದ ಸೀರೆಗೆ ಚೌಕಾಸಿ ನಡೆಯಿತು, ಇಲ್ಲದ ಸೆರಗಿನ ಬಣ್ಣಕ್ಕೆ ತಕರಾರು ಬಂತು. ಜಾತ್ರೆಗೆ ಬಂದ ಮಕ್ಕಳೂ ಇಷ್ಟು ಖುಷಿಪಡುವುದಿಲ್ಲ.

ಬಸಲಿಂಗಯ್ಯ ಹಮಾಲ ಯಾಸೀನನಿಗೆ ಬಟ್ಟೆಯ ದಿಂಡು ಹೊತ್ತು ಒಂದು ಸುತ್ತು ಹಾಕಿ ಬರಲು ಹೇಳಿದರು. ಇಪ್ಪತ್ತು ವರ್ಷದಿಂದ ಆ ಪೇಟೆಯ ಭಾರವನ್ನೆಲ್ಲ ಹೊತ್ತವನು ಆತ. ತಲೆಯ ಮೇಲೆ ದಿಂಡಿಟ್ಟುಕೊಂಡು ಹೊರಟವನು ನಾಲ್ಕನೆಯ ಅಂಗಡಿಯ ಮುಂದೆ ಮುಗ್ಗರಿಸಿದ, ಸಾವರಿಸಿಕೊಂಡು ಎರಡು ಹೆಜ್ಜೆ ಇಟ್ಟ, ಮತ್ತೆ ನಿಂತ.

"ದಾರಿನ ಇಲ್ಲರಿ ಇಲ್ಲಿ" ಎಂದ.

ಅನುಜಾ ತಿರುಗಿ ನೋಡಿದಳು. ಅಂಗಡಿಗಳ ಗೆರೆಗೂ ಅಂಗಳದ ಕಟಾಂಜನದ ಗೆರೆಗೂ ನಡುವಿನ ಆರು ಅಡಿಯ ಓಣಿಯ ಎರಡೂ ಬದಿಗೆ ಚಪ್ಪಲಿಗಳು. ಒಂದರ ಮೇಲೊಂದು, ಮಗುಚಿದವು, ಜೋಡಿ ತಪ್ಪಿದವು. ಗಾದಿ ತುಳಿಯುವ ಮೊದಲು ಚಪ್ಪಲಿ ಬಿಡುವುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಣ್ಣದ ಗೆರೆಯ ಮುಂದೆಯೂ ಬಿಟ್ಟಿದ್ದರು. ಓಣಿಯಲ್ಲಿ ಒಂದು ಬೆಕ್ಕು ಹಾಯುವಷ್ಟು ಜಾಗ ಉಳಿದಿತ್ತು. ಹಳೆಯ ನಕ್ಷೆಯಲ್ಲಿ ಪ್ರತಿ ಅಂಗಡಿಯ ಮುಂದೆ, ಅಡಿಯಲ್ಲಿ ಚಪ್ಪಲಿ ಸೇರುವಂಥ ಕಟ್ಟೆ ಇತ್ತು. ಅಂಗಡಿ ದೊಡ್ಡದಾಗಲಿ ಎಂದು ಅವಳು ಅದನ್ನು ತೆಗೆದುಹಾಕಿದ್ದಳು. ಚಿಕ್ಕಂದಿನಿಂದ ಅದೇ ಪೇಟೆಯ ಕಟ್ಟೆಗಳ ಕೆಳಗೆ ಸಾವಿರ ಸಲ ಚಪ್ಪಲಿ ಬಿಟ್ಟವಳು, ನಕ್ಷೆ ಬರೆಯುವಾಗ ಮರೆತಿದ್ದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಇಬ್ಬರು ಎದ್ದು, ಚಾದರ ಝಾಡಿಸಿ, ಹಳೆಯ ನಕ್ಷೆಯ ಕಡೆ ನಡೆದರು. ಹಿಂದೆಯೇ ಮತ್ತೆ ಐದಾರು ಜನ. ಹಿರಿಯರು ಕಣ್ಣುಮುಚ್ಚಿ ಸಹಿ ಮಾಡಿದ್ದರೇನು ಎಂದು ಯಾರೋ ಅಂದದ್ದು ಅವಳಿಗೆ ಕೇಳಿಸಿತು. ವೇದವ್ಯಾಸರು ಕುರ್ಚಿಯಲ್ಲಿ ಕುಳಿತೇ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು.

"ನನಗೂ ಹೊಳದಿದ್ದಿಲ್ಲರಿ ಅದು. ನನ್ನ ನಕ್ಷಾದಾಗ ಕಟ್ಟಿ ಹಾಕ್ಸಿದಾಂವ ಮಲ್ಲಿಕಸಾಬ."

ಮಲ್ಲಿಕಸಾಬ ತಲೆ ಬಗ್ಗಿಸಿ ಸುಣ್ಣದ ಬುಟ್ಟಿ ನೋಡಿದ. ಬಸಲಿಂಗಯ್ಯನವರಿಗೆ ಒಂದು ದಾರಿ ತೋಚಿತು: ಅಂಗಳವನ್ನು ಸ್ವಲ್ಪ ಕಿರಿದು ಮಾಡಿದರೆ ಓಣಿ ಅಗಲವಾಗುತ್ತದಲ್ಲ, ಯಾರಿಗೂ ನಷ್ಟವಿಲ್ಲ. ಹೂಂ ಎಂದರೆ ಕೆಲಸ ಅವಳದೇ. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಹದಿನಾಲ್ಕು ಅಂತಸ್ತು ಇಳಿದು ಬರಬೇಕಾದ ಬೆಳಕನ್ನು ಅನುಜಾ ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದಳು. ಅಂಗಳ ಇನ್ನು ಒಂದು ಅಡಿ ಕಿರಿದಾದರೂ ಆ ಬೆಳಕು ಕೆಳಗೆ ಮುಟ್ಟುವುದಿಲ್ಲ.

"ಅಂಗಳ ಮುಟ್ಟೂದಿಲ್ಲರಿ" ಎಂದಳು. "ಅದನ್ನ ಸಣ್ಣ ಮಾಡಿದ್ರ ಹಿಂದಿನ ಸಾಲಿನ ಕತ್ತಲಿ ಎಲ್ಲಾರಿಗೂ ಹಂಚಿಕೊಟ್ಟಂಗ ಆಗ್ತದ. ತಪ್ಪು ನಂದ ಅದ. ನಿಮ್ಮ ನಿಮ್ಮ ಅಂಗಡಿ ಮುಂದ ಎರಡೆರಡು ಫೂಟ ಬಿಟ್ಟುಕೊಡ್ರಿ, ಕಟ್ಟಿ ಮಾಡಿಕೊಡ್ತೀನಿ. ಆಗೂದಿಲ್ಲ ಅಂದ್ರ ಸರ್ ಅವರ ನಕ್ಷಾನ ಕಟ್ಟಸ್ರಿ."

ಪೇಟೆಯವರು ಜೀವ ಬೇಕಾದರೆ ಬಿಟ್ಟಾರು, ಅಂಗಡಿಯ ಗೇಣು ಜಾಗ ಬಿಟ್ಟಾರೆಯೇ? ಹಿಂದೊಮ್ಮೆ ಎಲ್ಲವೂ ಮುರಿದುಬಿದ್ದದ್ದು ಇದೇ ಜಾಗದ ಮಾತಿಗೆ. ಕೆಲವರು ಕಾಲಿನಿಂದ ತಮ್ಮ ಚಪ್ಪಲಿ ಹುಡುಕತೊಡಗಿದರು.

ಅಕ್ಕನಾಗಮ್ಮ ಎದ್ದರು. ಜಮಖಾನದ ಎರಡೂ ತುದಿ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಮೊಣಕಾಲೂರಿ ಕುಳಿತು, ತಮ್ಮ ಅಂಗಡಿಯ ಮುಂದಿನ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸಿದರು. ಸುಣ್ಣ ಹತ್ತಿದ ಕೈಯನ್ನು ನೋಡಿಕೊಂಡು, "ಗಿರಾಕಿ ಮೊದಲ ಕಟ್ಟಿ ಮ್ಯಾಲ ಕುಂದರತಾಳ, ಆಮ್ಯಾಲ ಸೀರಿ ನೋಡತಾಳ. ಕಟ್ಟಿ ಇಲ್ಲಂದ್ರ ಅಂಗಡಿ ಎಷ್ಟ ಉದ್ದಿದ್ದರೇನ ಬಂತು?" ಎಂದರು.

ಪಕ್ಕದ ಅಂಗಡಿಯವನು ಅವರನ್ನು ನೋಡಿದ, ತನ್ನ ಗೆರೆಯನ್ನು ನೋಡಿದ, ಉಸಿರು ಬಿಟ್ಟು ಕಾಲಿನಿಂದ ಒರೆಸಿದ. ಅವನಾಚೆಯವನು ಒರೆಸಿದ. ಎದುರು ಸಾಲಿನಲ್ಲಿ ಒಬ್ಬಳು ಬಾಗಿದಳು. ಹಳೆಯ ನಕ್ಷೆಗೆ ಹೋಗಿದ್ದವರಲ್ಲಿ ಒಬ್ಬ ತನ್ನ ಗೆರೆಯನ್ನು ಬೇರೆಯವರು ಹೆಚ್ಚು ಒರೆಸಿಯಾರು ಎಂದು ಓಡಿಬಂದ, ಉಳಿದವರೂ ಬಂದರು. ಅಂಗಳದ ಸುತ್ತ ಬಿಳಿ ಧೂಳು ಎದ್ದಿತು. ಬಸಲಿಂಗಯ್ಯ ತಲೆ ಎಣಿಸಲು ಬೆರಳೆತ್ತಿದವರು ಎಣಿಸದೆಯೇ ಇಳಿಸಿದರು.

ಇನ್ನು ಹೊಸ ಗೆರೆ ಹಾಕಬೇಕು. ಮಲ್ಲಿಕಸಾಬನ ಜತೆಗಾರ ಚಹಾಕ್ಕೆ ಹೋಗಿದ್ದ. ಅಳತೆಯ ದಾರದ ಒಂದು ತುದಿ ಹಿಡಿದು ಅನುಜಾ ಇನ್ನೊಂದಕ್ಕೆ ಯಾರನ್ನು ಕರೆಯುವುದೆಂದು ನೋಡುತ್ತಿರುವಾಗ ವೇದವ್ಯಾಸರು ಕುರ್ಚಿಯಿಂದ ಎದ್ದರು. ಬಾಗಿಲು ಹುಡುಕಲಿಲ್ಲ, ತಮ್ಮ ಗೋಡೆಗಳನ್ನೇ ಒಂದೊಂದಾಗಿ ದಾಟಿ ಬಂದರು. ದಾರದ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು ಓಣಿಯ ಆ ಕೊನೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು.

"ಬಿಗಿ ಹಿಡಿ. ಸಡ್ಲ ಬಿಟ್ರ ಗೆರಿ ಬಳಕ್ತದ" ಎಂದರು.

ಅನುಜಾ ಎಳೆದಳು. ದಾರ ನೆಲದಿಂದ ನಾಲ್ಕು ಬೆರಳು ಮೇಲೆದ್ದು ನಿಂತಿತು.