ಡ್ರಮ್ ಬಿಟ್ಟು ಇಳಿಸಬೇಕು

ಜವರಮ್ಮನ ಕೈಯಿಂದ ತಪ್ಪಾಗುವುದೇ? ಛೇ ಛೇ, ಕೇಳಿದವರು ನಕ್ಕಾರು! ಅಮೆರಿಕದ ನ್ಯೂಜೆರ್ಸಿಯಲ್ಲಿ, ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಡೇಟಾ ಎಂಟ್ರಿ ಮಾಡಿ ನಿವೃತ್ತಳಾದ ಹೆಂಗಸು ಆಕೆ. ಬೇರೆಯವರು ಹೊಡೆದ ಅಂಕಿಗಳನ್ನು ಸರಿನೋಡಲು ಮ್ಯಾನೇಜರ್ ಆಕೆಯ ಮೇಜಿಗೇ ತಂದಿಡುತ್ತಿದ್ದನಂತೆ. ಆಕೆ ಹೊಡೆದದ್ದನ್ನು ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ಹೇಳಿ ಊರಿನ ಕಿವಿ ತೂತು ಮಾಡಿದ್ದಳು.

ಅಂಥ ಜವರಮ್ಮ ಆ ಮಂಗಳವಾರ ಬೆಳಿಗ್ಗೆ ಪಾರ್ಸಿಪನಿಯ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹಾಡೊಂದರ ಫೈಲ್ ತೆರೆದಳು. ಒಳಗೆ ಕರೆಯುವ ಮುಂಚೆ ಒಂದು ಸಲ ಕೇಳಿಬಿಡೋಣ ಎಂದು, ಅಷ್ಟೆ. ಕೇಳಿದ್ದೇ ತಡ, ಎದೆ ಧಸಕ್ಕೆಂದಿತು.

ಮೊದಲಿಗೆ ಟಿಕ್ ಟಿಕ್ ಟಿಕ್ ಟಿಕ್ ಎಂದು ಕಡ್ಡಿಯ ನಾಲ್ಕು ಏಟು ಬರಬೇಕಿತ್ತು. ಧಬ್ ಧಬ್ ಧಬ್ ಧಬ್ ಎಂದು ಬಂತು. ಆಮೇಲೆ ಮೆಲ್ಲಗೆ ಝಿಣಿಝಿಣಿ ಎನ್ನಬೇಕಾದ ತಾಳ, ಅಟ್ಟದಿಂದ ಸ್ಟೀಲ್ ಪಾತ್ರೆ ಉರುಳಿದಂತೆ ಢಣಾರ್ ಢಣಾರ್ ಎಂದು ಹೊಡೆದುಕೊಳ್ಳತೊಡಗಿತು. ಜವರಮ್ಮ ಇಯರ್‌ಫೋನ್ ಕಿತ್ತು ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಮುಖ ನೋಡಿದಳು. ಚೆಲುವರಾಜು ಗೋಡೆಯ ಮೇಲಿನ ಹಡಗಿನ ಚಿತ್ರ ನೋಡುತ್ತ ಕೂತಿದ್ದ. ಅವನಿಗೇನೂ ಕೇಳಿಸಿರಲಿಲ್ಲ.

ಇದು ಮಿಡಿ ಫೈಲು. ಇದರಲ್ಲಿ ಹಾಡಿನ ಸದ್ದು ಇರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು, ಎಲ್ಲಕ್ಕೂ ಒಂದೊಂದು ಅಂಕಿ. ಅದನ್ನೋದಿ ಕಂಪ್ಯೂಟರೇ ಪಿಯಾನೋ, ತಗ್ಗು ದನಿಯ ಬೇಸ್, ಡ್ರಮ್ ಎಲ್ಲ ನುಡಿಸುತ್ತದೆ. ಪಿಯಾನೋದ ಅಂಕಿಗಳನ್ನು ಎರಡೆರಡು ಕಮ್ಮಿ ಮಾಡಿದರೆ ಶ್ರುತಿ ಇಳಿಯುತ್ತದೆ. ಡ್ರಮ್ಮಿನ ಸಾಲು ಹಾಗಲ್ಲ, ಅಲ್ಲಿ ಒಂದೊಂದು ಅಂಕಿಯೂ ಒಂದೊಂದು ವಾದ್ಯ. ಅಲ್ಲಿ ಎರಡು ಕಮ್ಮಿ ಮಾಡಿದರೆ ಕಡ್ಡಿ ಇದ್ದಲ್ಲಿ ದೊಡ್ಡ ಡ್ರಮ್ಮು, ಮೆದು ತಾಳ ಇದ್ದಲ್ಲಿ ಅಬ್ಬರದ ತಾಳ ಬಂದು ಕೂರುತ್ತವೆ. ಆದ್ದರಿಂದ ಶ್ರುತಿ ಇಳಿಸುವಾಗ ಡ್ರಮ್ ಬಿಟ್ಟು ಇಳಿಸಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಚೆಲುವರಾಜು ಆಕೆಗೆ ಕಲಿಸಿದ ಮೊದಲ ಪಾಠವೇ ಇದು. ನಿನ್ನೆ ಮಧ್ಯಾಹ್ನ ಒಲೆಯ ಮೇಲೆ ಹುಳಿ ಕುದಿಯುತ್ತಿದ್ದಾಗ, ಅವಸರಕ್ಕೆ ಬಿದ್ದು, ಎಲ್ಲ ಸಾಲುಗಳನ್ನೂ ಒಟ್ಟಿಗೇ ಆರಿಸಿ ಇಳಿಸಿಬಿಟ್ಟಿದ್ದಳು ಮಹಾತಾಯಿ.

ಗಂಡ ಹೆಂಡತಿ ಈ ಕೆಲಸಕ್ಕೆ ಇಳಿದದ್ದೇ ಒಂದು ವಿಚಿತ್ರ. ಚೆಲುವರಾಜು ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಹಗಲು ಕಾರ್ಖಾನೆಯ ಕೆಲಸ, ಸಂಜೆ ಹೋಟೆಲೊಂದರ ಬ್ಯಾಂಡಿನಲ್ಲಿ ಅಮೆರಿಕದ ಹಳೇ ಜಾಜ್ ಹಾಡುಗಳನ್ನು ಹಾಡುತ್ತಿದ್ದ. ನ್ಯೂಜೆರ್ಸಿಗೆ ಬಂದ ಮೇಲೆ ಬ್ಯಾಂಡ್ ಎಲ್ಲಿಂದ ತರುವುದು? ಅದಕ್ಕೆ ಬ್ಯಾಂಡನ್ನೇ ಬೇಸ್‌ಮೆಂಟಿನಲ್ಲಿ ಕಟ್ಟಿದರು. ಅವನು ಪಿಯಾನೋ, ಬೇಸು, ತಾಳ ಎಲ್ಲವನ್ನೂ ಬಾಯಲ್ಲೇ ನುಡಿಸಿ ತೋರಿಸುವುದು, ಆಕೆ ಒಂದೊಂದೇ ಅಂಕಿ ಕುಟ್ಟುವುದು. ಮುನ್ನೂರ ಹನ್ನೆರಡು ಹಾಡು ಹೀಗೆ ಹುಟ್ಟಿದವು. ಅಂಕಿ ಆಕೆಯದು, ಸ್ಪೇಸ್ ಬಾರ್ ಅವನದು. ಹಾಡು ಶುರು ಮಾಡುವ ಆ ಗುಂಡಿಯನ್ನು ಅವನು ಒಂದು ದಿನವೂ ತನ್ನ ಕಣ್ಣೆದುರು ಆಕೆಗೆ ಒತ್ತಗೊಟ್ಟವನಲ್ಲ. ಭಾನುವಾರ ಭಾನುವಾರ ವಯಸ್ಸಾದವರು ಸೇರುವ ಸೀನಿಯರ್ ಸೆಂಟರುಗಳಿಗೆ ಹೋಗಿ ಇದರ ಜೊತೆ ಹಾಡುತ್ತಿದ್ದ. ಮಹಾ ಮುಂಗೋಪಿ ಬೇರೆ. ಒಂದು ಏಟು ತಪ್ಪಿದರೂ ಸಾಕು, ಮನೆ ಮೇಲೆ ಕೆಳಗೆ ಮಾಡುತ್ತಿದ್ದ.

ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಂತಿತು. ಈಗ ಅವನ ಬಾಯಲ್ಲಿ ಉಳಿದದ್ದು ಒಂದೇ ಪದ, "ಅದೇ." ನೀರು ಬೇಕಾದರೂ ಅದೇ, ನೋವಾದರೂ ಅದೇ. ಜವರಮ್ಮನ ಹೆಸರೂ ಅದೇ. ಆದರೆ ದೇವರ ಆಟ ನೋಡಿ, ಮಾತಾಡಲಾರದವನು ಹಾಡಬಲ್ಲ! ಪದ ತಪ್ಪದೆ ಹಾಡುತ್ತಾನೆ. ಅದಕ್ಕೇ ಕ್ಲಿನಿಕ್ಕಿನ ಮಾತಿನ ಥೆರಪಿಯಲ್ಲೂ ವಾರವಾರ ಹಾಡಿಸುತ್ತಿದ್ದರು. ಹಾಡಿದ ಮೇಲೆ ನಾಲಗೆ ಸ್ವಲ್ಪ ಸಡಿಲವಾಗಿ ಎರಡು ಸಲ "ನೀರು ಕೊಡು" ಎಂದಿದ್ದ. ಜವರಮ್ಮ ಆ ಎರಡು ಪದ ನೆನೆದೇ ದಿನ ದೂಡುತ್ತಿದ್ದಳು. ಹೋದ ವಾರ ಮೇಲಿನ ಸ್ವರದಲ್ಲಿ ಗಂಟಲು ಒಡೆದು ಹಾಡನ್ನೂ ಅರ್ಧಕ್ಕೆ ನಿಲ್ಲಿಸಿದ. ನಿನ್ನೆ ಆಕೆ ಶ್ರುತಿ ಇಳಿಸಿದ್ದು ಅದಕ್ಕೇ.

ಇವತ್ತು ಥೆರಪಿಯ ಎಂಟನೆಯ ವಾರದ ಪರೀಕ್ಷೆ. ಇನ್ಶೂರೆನ್ಸಿನವರು ಖಡಾಖಂಡಿತವಾಗಿ ಬರೆದಿದ್ದರು. ಈ ಒಂದು ಭೇಟಿಯಲ್ಲಿ ರೋಗಿ ಸ್ವಂತವಾಗಿ ಮೂರು ವಾಕ್ಯ ಆಡಬೇಕು. ಹಾಡು ಲೆಕ್ಕಕ್ಕಿಲ್ಲ, ಹೇಳಿಕೊಟ್ಟದ್ದು ಲೆಕ್ಕಕ್ಕಿಲ್ಲ. ಆಡಿದರೆ ಥೆರಪಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಇವತ್ತೇ ಕೊನೆ. ಮೂರು ಇರಲಿ, ಒಂದಾದರೂ ಆಡಿಯಾನೇ ಎಂದು ಜವರಮ್ಮ ರಾತ್ರಿಯೆಲ್ಲ ಹೊರಳಾಡಿದ್ದಳು.

"ಮಿಸ್ಟರ್ ರಾಜು?" ಬಾಗಿಲು ತೆರೆಯಿತು. ಥೆರಪಿಸ್ಟ್ ಕಿಯಾರಾ ನಿಂತಿದ್ದಳು. ಪಂಜಾಬಿನ ಕಡೆಯವರ ಮಗಳು, ಇಲ್ಲೇ ಹುಟ್ಟಿದವಳು, ಆಡುವುದೆಲ್ಲ ಇಂಗ್ಲಿಷಿನಲ್ಲಿ.

"ಎರಡೇ ನಿಮಿಷ ಕಣಮ್ಮ, ಫೈಲಲ್ಲಿ ಒಂದು ಸಣ್ಣ ಕರೆಕ್ಷನ್," ಎಂದಳು ಜವರಮ್ಮ, ಅವಳಿಗೆ ತಿಳಿಯುವಂತೆ ಇಂಗ್ಲಿಷಿನಲ್ಲೇ.

"ಸಾರಿ ಆಂಟಿ. ಇವತ್ತು ಪ್ರತಿಯೊಂದಕ್ಕೂ ಟೈಮ್ ಬರೀಬೇಕು. ಹನ್ನೊಂದೂವರೆಗೆ ಇನ್ನೊಬ್ಬರು ಬರ್ತಾರೆ."

ಒಳಗೆ ಮೇಜಿನ ಮೇಲೆ ಸ್ಪೀಕರ್ ಫೋನ್ ಇತ್ತು. ಮನೆಯವರು ರೋಗಿಯ ಮಾತನ್ನು ಅನುವಾದ ಮಾಡಕೂಡದು ಎಂಬ ನಿಯಮಕ್ಕೆ, ಶ್ರೀಕರ್ ಎಂಬ ದುಭಾಷಿ ಯಾವುದೋ ಊರಿನಿಂದ ಫೋನಿನಲ್ಲಿ ಕಾದಿದ್ದ. "ನಮಸ್ಕಾರ ಅಮ್ಮ. ಅವರು ಎಂತ ಹೇಳಿದ್ರೂ ನಾನು ಹಾಗೇ ಹೇಳ್ತೇನೆ, ಹೆಚ್ಚು ಕಮ್ಮಿ ಇಲ್ಲ," ಎಂದ ಮಂಗಳೂರಿನ ಕಡೆಯ ಕನ್ನಡದಲ್ಲಿ.

ಜವರಮ್ಮ ಮೇಜಿನ ಅಂಚಿನಲ್ಲಿ ಲ್ಯಾಪ್‌ಟಾಪ್ ಮೆಲ್ಲಗೆ ತೆರೆದಳು. ಕಿಯಾರಾ ಕಣ್ಣಲ್ಲೇ ಬೇಡವೆಂದಳು. "ಅಂಕಲ್ ಗಮನ ಆ ಕಡೆ ಹೋಗುತ್ತೆ ಆಂಟಿ. ಹಾಡಿನ ಟೈಮಿಗೆ ತೆಗೀರಿ."

ಮುಚ್ಚಿದಳು.

ಕಿಯಾರಾ ಚಿತ್ರಗಳನ್ನು ತೋರಿಸಿದಳು. ಬಾಚಣಿಗೆ. ಚೆಲುವರಾಜು ತುಟಿ ಅಲುಗಾಡಿಸಿ, ಹಣೆಯಲ್ಲಿ ನರ ಉಬ್ಬಿಸಿ, "ಅದೇ," ಎಂದ. ಛತ್ರಿ. "ಅದೇ." ಒಬ್ಬ ಹೆಂಗಸು ಬಸ್ಸಿಗೆ ಓಡುತ್ತಿರುವ ಚಿತ್ರ. "ಅದೇ... ಅದೇ..." ಎನ್ನುತ್ತ ಎಡಗೈಯಿಂದ ತೊಡೆ ಗುದ್ದಿಕೊಂಡ. ಫೋನಿನೊಳಗಿನ ಶ್ರೀಕರ್ ಪ್ರತಿ ಸಲವೂ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ. ಗಡಿಯಾರ ಹನ್ನೊಂದು ಹತ್ತು ತೋರಿಸಿತು. ಹಾಳೆಯ ಮೇಲೆ ಕಿಯಾರಾ ಸೊನ್ನೆ ಸುತ್ತುವುದನ್ನು ಜವರಮ್ಮ ನೋಡಿದಳು.

"ಈಗ ಹಾಡು, ಆಂಟಿ."

ಅಷ್ಟು ಹೊತ್ತು ಸಿಕ್ಕಿದ್ದೇ ಪುಣ್ಯ ಎಂದು ಲ್ಯಾಪ್‌ಟಾಪ್ ತೆರೆದಳು. ಪಾಸ್‌ವರ್ಡ್ ಕೇಳಿತು. ಎರಡು ಸಲ ತಪ್ಪು ಕುಟ್ಟಿದಳು. ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿ ಕುಟ್ಟಿದ ಕೈ ಅದು! ಮೂರನೆಯ ಸಲಕ್ಕೆ ತೆರೆದುಕೊಂಡಿತು. ಡ್ರಮ್ಮಿನ ಸಾಲು ಆರಿಸಿ ಎರಡು ಏರಿಸಿದರೆ ಮುಗಿಯಿತು. ಆಕೆಯ ಬೆರಳು ಆ ಸಾಲಿನ ಹತ್ತಿರ ಹೋಗುವಷ್ಟರಲ್ಲಿ ಪಕ್ಕದಿಂದ ಚೆಲುವರಾಜುವಿನ ಎಡಗೈ ಚಾಚಿಕೊಂಡು ಬಂತು. ಸ್ಪೇಸ್ ಬಾರ್ ಅವನದಲ್ಲವೇ! ಒತ್ತಿಯೇಬಿಟ್ಟ.

"ತಡೀರಿ ರೀ!"

ಧಬ್ ಧಬ್ ಧಬ್ ಧಬ್. ಢಣಾರ್! ಢಣಾರ್! ಕೋಣೆಯಲ್ಲಿ ಪಾತ್ರೆಗಳ ಮಳೆಯೇ ಸುರಿಯಿತು. ಕಿಯಾರಾ ಬೆಚ್ಚಿ ಪೆನ್ನು ಬೀಳಿಸಿದಳು. ಹಾಡಲು ಬಾಯಿ ತೆರೆದಿದ್ದ ಚೆಲುವರಾಜುವಿನ ಬಾಯಿ ತೆರೆದಂತೆಯೇ ನಿಂತಿತು. ಮುಖ ಕೆಂಪೇರಿತು. ಎಲ್ಲ ಮುಗಿಯಿತು, ನಾನೇ ನನ್ನ ಕೈಯಾರೆ ಇವರ ಬಾಯಿಗೆ ಬೀಗ ಜಡಿದೆ ಎಂದು ಜವರಮ್ಮನಿಗೆ ಅಳು ಒತ್ತಿ ಬಂತು.

"ಅಯ್ಯೋ! ಡ್ರಮ್ ಯಾಕಮ್ಮೀ ಇಳಿಸ್ದೆ?"

ಯಾರು ಆಡಿದ್ದು? ಜವರಮ್ಮ ತಿರುಗಿ ನೋಡಿದಳು. ಚೆಲುವರಾಜುವೂ ತನ್ನ ಬಾಯಿಂದ ಬಂದದ್ದು ಕೇಳಿ ತಬ್ಬಿಬ್ಬಾಗಿದ್ದ. ಫೋನಿನಲ್ಲಿ ಶ್ರೀಕರ್ ಅದನ್ನು ಶಿಸ್ತಾಗಿ ಇಂಗ್ಲಿಷಿಗೆ ತಿರುಗಿಸಿದ. ಕಿಯಾರಾ ಪೆನ್ನು ಹುಡುಕಿ ತೆಗೆದು ಬರೆದುಕೊಂಡಳು. "ಒಂದು," ಎಂದಳು.

"ತಪ್ಪಾಯ್ತು ಕಣ್ರೀ," ಎಂದಳು ಜವರಮ್ಮ. ಆಕೆಯ ಬಾಯಲ್ಲಿ ಈ ಮಾತನ್ನು ಪ್ರಸಾದದ ಸಾಲಿನ ನಾವಂತೂ ಎಂದೂ ಕೇಳಿರಲಿಲ್ಲ.

ಮೈಯೆಲ್ಲ ಬಿಸಿಯಾಗಿ ಉತ್ಸಾಹದಲ್ಲಿ ಡ್ರಮ್ ಸರಿ ಮಾಡಿದಳು. ಬರೀ ಕೆಟ್ಟ ಹಾಡಿಗೇ ಇಷ್ಟು ಮಾತು ಬಂತಲ್ಲ, ಇನ್ನು ಒಳ್ಳೇ ಹಾಡು ಹಾಡಿಬಿಟ್ಟರೆ ಪುಂಖಾನುಪುಂಖವಾಗಿ ಬರುತ್ತದೆ! ಟಿಕ್ ಟಿಕ್ ಟಿಕ್ ಟಿಕ್. ಚೆಲುವರಾಜು ಕಣ್ಣು ಮುಚ್ಚಿ ಹಾಡಿದ. ಇಳಿಸಿದ ಶ್ರುತಿ ಅವನ ಗಂಟಲಿಗೆ ಸರಿಹೊಂದಿತು. ನಿಧಾನದ ಹಳೇ ಪ್ರೇಮಗೀತೆ, ಒಂದು ಕಡೆಯೂ ಒಡೆಯಲಿಲ್ಲ. ಕಿಯಾರಾ ತಲೆದೂಗಿದಳು. ಹಾಡು ಮುಗಿದ ಕೂಡಲೇ ಬಸ್ಸಿಗೆ ಓಡುವ ಹೆಂಗಸಿನ ಚಿತ್ರ ಮುಂದಿಟ್ಟಳು.

"ಅದೇ," ಎಂದ ಚೆಲುವರಾಜು.

ಮತ್ತೊಂದು ಚಿತ್ರ. "ಅದೇ."

ಜವರಮ್ಮ ಗೋಡೆಯತ್ತ ತಿರುಗಿದಳು. ಗಡಿಯಾರದಲ್ಲಿ ಆರು ನಿಮಿಷ ಉಳಿದಿತ್ತು. ಹಾಡು ಇಷ್ಟು ಚೆನ್ನಾಗಿ ಬಂತು, ಮಾತು ಎಲ್ಲಿ ಹೋಯಿತು? ಗಂಡನ ಮುಖ ನೋಡಿದಳು. ಹೊಟ್ಟೆ ತುಂಬ ಉಂಡವನಂತೆ ತೃಪ್ತಿಯಾಗಿ ಕೂತಿದ್ದ. ಇವನಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಎಲ್ಲ ಸರಿಯಿದ್ದರೆ ಇವನು ಎಂದು ಬಾಯಿ ಬಿಟ್ಟಿದ್ದಾನೆ? ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಒಂದು ದಿನ "ಸಾರು ಚೆನ್ನಾಗಿದೆ" ಎಂದಿದ್ದಾನೆಯೇ? ಉಪ್ಪು ಕಮ್ಮಿಯಾದ ದಿನ ತಾನೇ ಇವನ ದನಿ ಕೇಳಿದ್ದು!

ಆಕೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೇಸಿನ ಸಾಲು ಆರಿಸಿ ಒಂದೇ ಒಂದು ಅಂಕಿ ಏರಿಸಿದಳು. ಬೆರಳು ಒಪ್ಪಲಿಲ್ಲ, ಒತ್ತಾಯದಿಂದ ಒತ್ತಿದಳು. ಆಮೇಲೆ ಗಂಡನ ಕಡೆ ತಿರುಗಿಸಿದಳು. "ಇನ್ನೊಂದ್ಸಲ ಹಾಕಿ ರೀ."

ಅವನು ಸ್ಪೇಸ್ ಬಾರ್ ಒತ್ತಿದ. ಪಿಯಾನೋ ಒಂದು ದಾರಿ, ಬೇಸು ಒಂದು ದಾರಿ. ಚೆಲುವರಾಜು ಹಲ್ಲು ನೋವಾದವನಂತೆ ಮುಖ ಕಿವುಚಿದ. "ಬೇಸು... ಬೇಸು ಕೆಟ್ಟೋಗಿದೆ, ನಿಲ್ಸು!"

ಶ್ರೀಕರ್ ಹೇಳಿದ. ಕಿಯಾರಾ ಬರೆದಳು. "ಎರಡು."

ನಾಲ್ಕು ನಿಮಿಷ. ಬೇಸು ಸರಿ ಮಾಡಿ ಪಿಯಾನೋ ಮೇಲೇರಿಸಿದಳು. ಅವನು "ಛೀ" ಎಂದ, ಅಷ್ಟೆ. ಕಿಯಾರಾ ತಲೆಯಾಡಿಸಿದಳು, ವಾಕ್ಯವಲ್ಲ. ವೇಗ ಹೆಚ್ಚಿಸಿದಳು. ಅವನು ಬರೀ ಕೈ ಬೀಸಿದ. ಇನ್ನು ಎರಡು ನಿಮಿಷ. ಹೊರಗೆ ಮುಂದಿನ ರೋಗಿ ಬಂದು ಕೂತ ಸದ್ದಾಯಿತು.

ಆಗ ಜವರಮ್ಮ ಇನ್ನೊಂದು ಫೈಲ್ ತೆರೆದಳು. ಅವರಿಬ್ಬರೂ ಮಾಡಿದ ಮೊಟ್ಟಮೊದಲ ಹಾಡು. ನಾಲ್ಕು ತಿಂಗಳು ಹಿಡಿದಿತ್ತು. ಅದರಲ್ಲಿ ಒಂದು ಚುಕ್ಕೆ ಮುಟ್ಟಿದರೂ ಅವನು ಸುಮ್ಮನಿರುತ್ತಿರಲಿಲ್ಲ, ಆಕೆಯೂ ಇರುತ್ತಿರಲಿಲ್ಲ. ಎಲ್ಲ ಸಾಲುಗಳನ್ನೂ ಒಟ್ಟಿಗೆ ಆರಿಸಿದಳು. ಡ್ರಮ್ ಸಮೇತ ಎರಡು ಇಳಿಸಿದಳು. ಕಣ್ಣಲ್ಲಿ ನೀರು ತುಂಬಿ ಸ್ಕ್ರೀನ್ ಕಾಣಲಿಲ್ಲ.

ಅವನೇ ಒತ್ತಿದ. ಢಣಾರ್! ಢಣಾರ್!

ಈ ಸಲ ಚೆಲುವರಾಜು ಕೂಗಲಿಲ್ಲ. ಸ್ಕ್ರೀನ್ ನೋಡಿದ. ಹೆಂಡತಿಯ ಬೆರಳು ನೋಡಿದ. ಆಮೇಲೆ ಮುಖ ಎತ್ತಿ ಆಕೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಪಾತ್ರೆಗಳು ಉರುಳುತ್ತಲೇ ಇದ್ದವು. ಕಿಯಾರಾ ಗಡಿಯಾರ ನೋಡಿ ಏನೋ ಹೇಳಲು ಬಾಯಿ ತೆರೆದಳು. ಜವರಮ್ಮ ಕೈಯೆತ್ತಿ ಅವಳನ್ನು ತಡೆದಳು.

"ನೀನು... ಬೇಕಂತ್ಲೇ ಕೆಡಿಸ್ತಿದೀಯ," ಎಂದ ಚೆಲುವರಾಜು. ಇನ್ನೂ ಏನೋ ಉಳಿದಿತ್ತು. ತುಟಿ ಒದ್ದಾಡಿತು, ಹಣೆಯ ನರ ಉಬ್ಬಿತು. "ಜವರೀ."

ಫೋನಿನಲ್ಲಿ ಶ್ರೀಕರ್ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದ. "ಕೊನೇದು ಹೆಸರು ಇರ್ಬೇಕು," ಎಂದು ಸೇರಿಸಿದ. "ಅದನ್ನು ಹಾಗೇ ಹೇಳ್ತೇನೆ. ಜವರೀ."

"ಹೂಂ ಕಣ್ರೀ," ಎಂದಳು ಜವರಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. "ಬೇಕಂತ್ಲೇ."

ಕಿಯಾರಾ ಮೂರು ಎಂದು ಬರೆದು, ಪಕ್ಕದಲ್ಲಿ ಹನ್ನೊಂದು ಇಪ್ಪತ್ತೊಂಬತ್ತು ಎಂದು ಸಮಯ ಹಾಕಿದಳು.

ಪಾರ್ಕಿಂಗ್ ಲಾಟಿನಲ್ಲಿ ಅವನನ್ನು ಕಾರಿಗೆ ಹತ್ತಿಸಿ ಬೆಲ್ಟ್ ಹಾಕುವಾಗ ಅವನು ಮತ್ತೆ "ಅದೇ, ಅದೇ," ಎನ್ನುತ್ತ ಲ್ಯಾಪ್‌ಟಾಪ್ ತೋರಿಸಿದ. ಅವಸರದಲ್ಲಿ ಆಕೆ ಅದನ್ನು ಸರಿಯಾಗಿ ಮುಚ್ಚಿರಲಿಲ್ಲ. ತೆರೆದರೆ ಸ್ಕ್ರೀನಿನ ನಡುವೆ ಪ್ರಶ್ನೆಯೊಂದು ಕಾಯುತ್ತಿತ್ತು, ಮೊದಲ ಹಾಡಿಗೆ ಮಾಡಿದ ಬದಲಾವಣೆಗಳನ್ನು ಉಳಿಸಬೇಕೋ ಬೇಡವೋ ಎಂದು. ಚೆಲುವರಾಜು ಕತ್ತು ಚಾಚಿ ನೋಡುತ್ತಿದ್ದ. ಜವರಮ್ಮ ಒಂದು ಗಳಿಗೆ ಯೋಚಿಸಿ, ಉಳಿಸು ಎಂದು ಒತ್ತಿದಳು.

"ಅಯ್ಯೋ!" ಎಂದು ಹಣೆ ಚಚ್ಚಿಕೊಂಡ ಚೆಲುವರಾಜು. "ಹಾಳು ಮಾಡ್ಬಿಟ್ಟೆ!"

"ಕೆಡಿಸೋಕೆ ಇನ್ನೂ ಮುನ್ನೂರ ಹನ್ನೊಂದಿದೆ, ಸುಮ್ನೆ ಕೂತ್ಕೊಳಿ," ಎಂದು ಜವರಮ್ಮ ಕಾರು ಸ್ಟಾರ್ಟ್ ಮಾಡಿದಳು.