ನೀರು ಬೇಡದ ಗಿಡಗಳು

ಅಂಗಳದ ಗುಲಾಬಿ, ಮಲ್ಲಿಗೆಗಳನ್ನೆಲ್ಲ ಬೇರುಸಹಿತ ಕೀಳಿಸಿ ಅಣ್ಣ ಹೊಸ ಗಿಡ ತರಿಸಿದ. ಕತ್ತಾಳೆ, ಲೋಳೆಸರ, ಪಾಪಸುಕಳ್ಳಿ. ಸುತ್ತ ಬಿಳಿ ಜಲ್ಲಿಕಲ್ಲು.

"ಈ ಬಿಸಿಲಿಗೆ ಇವೇ ಸರಿ. ನೀರು ಬೇಡ, ಗೊಬ್ಬರ ಬೇಡ, ಯಾರೂ ಬೇಡ," ಎನ್ನುತ್ತ ತಮ್ಮನ ಕಡೆ ನೋಡಿದ.

ಗಿಡಕ್ಕೆ ನೀರು ಹಾಕುತ್ತಾನೆ ಎಂಬ ಒಂದೇ ನೆಪದ ಮೇಲೆ ತಮ್ಮ ಹಿತ್ತಿಲ ಕೋಣೆಯಲ್ಲಿದ್ದ.

"ಈ ಬೇಸಿಗೆ ಇವು ತಾವಾಗಿ ಬದುಕಿಕೊಂಡ್ರೆ ನೀನು ಬೇರೆ ಕಡೆ ನೋಡ್ಕೊ. ಕೋಣೆ ನನ್ನ ಆಫೀಸ್ ಕೆಲಸಕ್ಕೆ ಬೇಕು."

"ಆಯ್ತು," ಎಂದ ತಮ್ಮ. ಬೇರೆ ಕಡೆ ಎಂಬುದೇ ಅವನಿಗಿರಲಿಲ್ಲ.

ಅಂದಿನಿಂದ ಅವನು ಗಿಡ ಮುಟ್ಟಲಿಲ್ಲ. ಮುಂಬಾಗಿಲ ಹೊಸ್ತಿಲ ಮೇಲೆ ಕೂತು ನೋಡಿದ. ನೋಡುವುದಕ್ಕೇನೂ ಕಡಿಮೆಯಿರಲಿಲ್ಲ. ಪಕ್ಕದ ಮನೆಯವರು ಗೇಟಿನ ಬಳಿ ನಿಂತರೆ ಸಾಕು, ಅಣ್ಣ ಬನಿಯನ್ನಿನಲ್ಲೇ ಓಡಿಬಂದು ಪೈಪು ಹಿಡಿಯುತ್ತಿದ್ದ. ಜಲ್ಲಿ ಹೊಳೆಯಬೇಕಂತೆ. ನೀರು ಬಿಡುತ್ತಲೇ, "ಇವಕ್ಕೆ ನೀರೇ ಬೇಡ ಸಾರ್," ಎಂದು ಭಾಷಣ. ಅವನು ಆಫೀಸಿಗೆ ಹೋದ ಮೇಲೆ ಅತ್ತಿಗೆ, "ಪಾಪ, ಎಂಥಾ ಬಿಸಿಲು," ಎಂದು ತರಕಾರಿ ತೊಳೆದ ನೀರನ್ನು ಬಕೆಟ್ಟುಗಟ್ಟಲೆ ಸುರಿಯುತ್ತಿದ್ದಳು. ಮನೆಯಲ್ಲಿರುವ ಮನುಷ್ಯ ಉಂಡನೋ ಇಲ್ಲವೋ ಕೇಳದವರಿಗೆ ಕಳ್ಳಿಯ ಬಾಯಾರಿಕೆಯ ಮೇಲೆ ಎಲ್ಲಿಲ್ಲದ ಕರುಣೆ.

ಮಣ್ಣು ಪೂರ್ತಿ ಒಣಗದೆ ನೀರು ಮುಟ್ಟಿಸಬೇಡಿ ಎಂದು ನರ್ಸರಿಯವನು ಗಿಡ ಇಳಿಸುವಾಗಲೇ ಹೇಳಿದ್ದ. ಅಣ್ಣ ಆಗ ಫೋಟೋ ತೆಗೆಯುವುದರಲ್ಲಿದ್ದ.

ಬೇಸಿಗೆ ಮುಗಿಯುವ ಮೊದಲೇ ಕತ್ತಾಳೆ ಬುಡ ಕೊಳೆತು ವಾಲಿತು. ಕಳ್ಳಿ ಮುಟ್ಟಿದರೆ ಲೊಳಲೊಳ. ನಾತ ನಡುಮನೆಗೂ ಬಂತು.

"ಹೊಟ್ಟೆಕಿಚ್ಚಿಗೆ ನೀರು ಸುರಿದಿದ್ದು ನೀನೇ ಕಣೋ, ದಂಡಪಿಂಡ."

"ನನಗೆ ಅಷ್ಟು ಉತ್ಸಾಹ ಎಲ್ಲಿದೆ ಅಣ್ಣ? ಬೆಳಿಗ್ಗೆ ಪೈಪು ಹಿಡಿಯೋದು ನೀನು. ಮಧ್ಯಾಹ್ನ ಬಕೆಟ್ಟು ತರೋದು ಅತ್ತಿಗೆ."

ಅಣ್ಣ ಹೆಂಡತಿಯ ಕಡೆ ತಿರುಗಿದ. "ನೀನೂ ಹಾಕ್ತಿದ್ಯಾ?"

"ನೀರು ಬೇಡ ಅಂತ ಊರಿಗೆಲ್ಲ ಹೇಳ್ಕೊಂಡು ನೀವೂ ಹಾಕ್ತಿದ್ರಾ?"

ಅಣ್ಣನ ಸಿಟ್ಟು ಮತ್ತೆ ತಮ್ಮನ ಮೇಲೆಯೇ ಬಂತು. "ನೋಡ್ತಾ ಕೂತಿದ್ಯಲ್ಲ, ಒಂದು ಮಾತು ಹೇಳೋಕೇನಾಗಿತ್ತು?"

"ಯಾರೂ ಬೇಡ ಅಂದಿದ್ದೆ ನೀನು."

ಎರಡನೇ ಸಲ ಗಿಡ ತರಿಸಿದ ದಿನ ಅಣ್ಣ ಹಿತ್ತಿಲ ಬಾಗಿಲಿಗೇ ಬಂದು ನಿಂತ. "ಇಲ್ಲೇ ಇರೋ ನೀನು. ಯಾರಾದ್ರೂ ನೀರು ಹಾಕೋಕೆ ಬಂದ್ರೆ ತಡೀಬೇಕು."

"ಯಾರಾದ್ರೂ ಅಂದ್ರೆ?"

ಅಣ್ಣ ಕೆಮ್ಮಿ ಒಳಗೆ ಹೋದ.

ತಮ್ಮ ನಲ್ಲಿಯಿಂದ ಪೈಪು ಕಿತ್ತು, ಸುತ್ತಿ, ತನ್ನ ಮಂಚದ ಕೆಳಗೆ ತಳ್ಳಿ ಕೋಣೆಗೆ ಬೀಗ ಹಾಕಿದ. ಮರುದಿನ ಪಕ್ಕದ ಮನೆಯವರು ಗೇಟಿಗೆ ಬಂದರು. ಅಣ್ಣ ಬನಿಯನ್ನಿನಲ್ಲಿ ಓಡಿಬಂದು ಬೋಳು ನಲ್ಲಿಯ ಮುಂದೆ ನಿಂತ. ತಮ್ಮ ಕೂತಲ್ಲೇ ಆಕಳಿಸಿದ.