ರೊಪ್ಪದ ವಿಳಾಸ

ನಮ್ಮತ್ತೆ ಲಿಂಗಮ್ಮನ ಎಡಗಣ್ಣಿಗೆ ಪೊರೆ ಬಂದು ಬಹಳ ದಿನ ಆಯ್ತು. ತರೀಕೆರೆ ಕಣ್ಣಾಸ್ಪತ್ರೇಲಿ ಎರಡು ಸಲ ಆಪರೇಷನ್‌ಗೆ ದಿನ ಕೊಟ್ರು, ಎರಡು ಸಲಾನೂ ಈಯಮ್ಮ ಹೋಗ್ಲಿಲ್ಲ. ಮೂರನೇ ಸಲ ಡಾಕ್ಟ್ರು ಗದರಿಸಿದ್ರು: "ಅಜ್ಜಿ, ಪೊರೆ ಗಟ್ಟಿ ಆಗ್ತಾ ಇದೆ. ಈ ಸೋಮವಾರ ಬರ್ಲಿಲ್ಲ ಅಂದ್ರೆ ಆಮೇಲೆ ಈ ಕಣ್ಣು ನಿಮ್ಮ ಕೈಲಿಲ್ಲ, ನನ್ನ ಕೈಲೂ ಇಲ್ಲ." ವಾಪಸ್ ಯಗಟಿಗೆ ಬರೋ ಬಸ್ಸಲ್ಲಿ ಅತ್ತೆ ನನ್ನ ಕಿವೀಲಿ ಹೇಳಿದ್ದೇನು ಗೊತ್ತಾ? "ಕೆಂದಿ ತುಂಬಿದ ಗಬ್ಬ ಕಣೇ ನಯನ. ಅವಳು ಈಯೋಗಂಟ ನಾನೆಲ್ಲಿಗೂ ಬರಾಕಿಲ್ಲ."

ಕೆಂದಿ ಅಂದ್ರೆ ಕುರಿ! ನಂಗೆ ಮೈಯೆಲ್ಲಾ ಉರಿದುಹೋಯ್ತು. ಮೊದಲೇ ನಂಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ. "ಅತ್ತೆ, ಕುರಿಗೆ ಎರಡು ಕಣ್ಣೂ ಚೆನ್ನಾಗವೆ, ನಿಮಗೇ ಇಲ್ದಿರೋದು" ಅಂದೆ. ಕಂಡಕ್ಟ್ರು ನಕ್ಕ. ಅತ್ತೆ ನಗಲಿಲ್ಲ.

ಅವರದ್ದೂ ತಪ್ಪಿಲ್ಲ ಬಿಡಿ. ನಮ್ಮ ಮನೆಯೋರು ಭೈರೇಶ, ಅವರಣ್ಣ ಬೀರಪ್ಪ ಭಾವ, ಇಬ್ಬರೂ ಅಕ್ಕಪಕ್ಕದ ಮನೇಲೇ ಇರೋದು, ನಡುವೆ ಒಂದೇ ಗೋಡೆ. ಆದ್ರೆ ಮಾತು ಬಿಟ್ಟು ಮೂರು ವರ್ಷ. ತೀರಿಹೋದ ಮಾವ ಮುದ್ದಿನಿಂದ ಸಾಕಿದ್ದ ಟಗರನ್ನ ನಮ್ಮೋರು ಹೇಳ್ದೆ ಕೇಳ್ದೆ ಅಜ್ಜಂಪುರದ ವ್ಯಾಪಾರಿಗೆ ಮಾರಿಬಿಟ್ರು, ಅವತ್ತಿಂದ. ಹಿತ್ತಲಲ್ಲಿರೋ ಕುರಿ ರೊಪ್ಪ ಮಾತ್ರ ಇಬ್ರಿಗೂ ಒಂದೇ. ಅಲ್ಲಿ ಎದುರಾಬದುರು ಬಂದ್ರೆ ಒಬ್ರಿಗೊಬ್ರು ಹೇಳೋದನ್ನೆಲ್ಲಾ ಕುರಿಗೆ ಹೇಳ್ತಾರೆ. "ಏನಮ್ಮಾ ಕೆಂದೀ, ನೀರಿನ ತೊಟ್ಟಿ ತೊಳೆಯೋರು ಯಾರೂ ಗತಿ ಇಲ್ವಾ ಈ ಮನೇಲಿ?" ಅಂತ ಭಾವ. "ತೊಳೆದೋರ ಕೈ ಕುರಿಗೆ ಗೊತ್ತು ಬಿಡು ಕೆಂದೀ" ಅಂತ ನಮ್ಮೋರು. ಆ ಕುರಿ ಪಾಡು ನೋಡಿದ್ರೆ ಅಯ್ಯೋ ಅನ್ಸೋದು.

ಹೋದ ವರ್ಷ ಅತ್ತೆ ಅಮೃತಾಪುರಕ್ಕೆ ಒಂದು ಮದುವೆಗೆ ಹೋಗಿದ್ರು. ಆ ದಿನ ಒಂದು ಕುರಿ ಈಯ್ತು. ಅಣ್ಣ ನೋಡ್ಕೊಂತಾನೆ ಅಂತ ತಮ್ಮ, ತಮ್ಮ ಇದಾನೆ ಅಂತ ಅಣ್ಣ. ಕೇಳೋಣ ಅಂದ್ರೆ ಮಾತಿಲ್ಲ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ, ನಮ್ಮನೇಲಿ ಅಣ್ಣತಮ್ಮಂದಿರ ಜಗಳದಲ್ಲಿ ಮರಿ ಸತ್ತೇ ಹೋಯ್ತು. ಅದಾದ್ಮೇಲೆ ಅತ್ತೆ ಊರು ಬಿಟ್ಟು ಒಂದು ರಾತ್ರಿ ಬೇರೆ ಕಡೆ ಮಲಗಿಲ್ಲ.

ಹಂಗಾಗಿ ನಾನೊಂದು ಮಾತು ಕೊಟ್ಟೆ. "ಆಸ್ಪತ್ರೆ ಮಂಚದ ಮೇಲೆ ಕೂತ್ಕೊಂಡೇ ಕೆಂದೀನ ನೋಡೋ ಹಂಗೆ ಮಾಡಿಕೊಡ್ತೀನಿ. ಆಗ ಬರ್ತೀರಾ?" ಅತ್ತೆ "ಕಂಡ್ರೆ ಬತ್ತೀನಿ. ಕಾಣ್ದಿದ್ರೆ ಇಲ್ಲ" ಅಂದ್ರು.

ಮದುವೆಗೆ ಮುಂಚೆ ನಾನು ಕಡೂರಲ್ಲಿ ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದೋಳು, ಇದೇನು ಮಹಾ ಅನ್ಕೊಂಡೆ. ರೊಪ್ಪದ ಕಂಬಕ್ಕೆ ಒಂದು ಕ್ಯಾಮೆರಾ ಹೊಡೆಸಿದೆ. ಅದರಲ್ಲಿ ನೋಡಬೋದು, ಕೇಳಬೋದು, ಇಲ್ಲಿಂದ ಮಾತಾಡಿದ್ರೆ ಅಲ್ಲಿ ಕೇಳಿಸುತ್ತೆ ಕೂಡ. ಇನ್ನು ನೆಟ್ಟು. ಅದೊಂದು ಗುಟ್ಟು. ಮನೇಲಿ ವೈಫೈ ನಮ್ಮದಲ್ಲ, ಭಾವನ ಮನೇದು. ಅವರ ಹೆಂಡ್ತಿ ಕರಿಬಸಮ್ಮಕ್ಕ ಗೋಡೆ ಮೇಲಿಂದ ಮಜ್ಜಿಗೆ ಚೊಂಬಿನ ಜೊತೆ ಪಾಸ್‌ವರ್ಡೂ ದಾಟಿಸಿದ್ರು. ನಾನೊಂದು ರಿಪೀಟರ್ ರೂಟರ್ ತಂದು ರಾಗಿ ಡ್ರಮ್ಮಿನ ಹಿಂದೆ ಇಟ್ಟಿದ್ದೆ. ಅದು ಆ ಮನೆ ವೈಫೈ ಎಳ್ಕೊಂಡು ನಮ್ಮನೇಗೆ ಹಂಚುತ್ತೆ. ಗಂಡನ ಹತ್ರ ಮಾತ್ರ "ಸಿಮ್ ಹಾಕಿದೀನಿ" ಅಂತ ಹೇಳಿದ್ದೆ. ಗಂಡಸರು ಮಾತು ಬಿಟ್ರೆ ಹೆಂಗಸರು ನೆಟ್ ಬಿಡಬೇಕಾ?

ಹೊರಗಿಂದ ಕ್ಯಾಮೆರಾ ನೋಡೋಕೆ ಮನೇ ನೆಟ್ಟಿಗೆ ಒಂದು ಅಡ್ರೆಸ್ ಬೇಕು. ಕೇಬಲ್‌ನೋರು ಕೊಡೋ ಅಡ್ರೆಸ್ಸೋ ದಿನಕ್ಕೊಂದು ಥರ. ಅದಕ್ಕೇ ಡೈನಮಿಕ್ ಡಿಎನ್ಎಸ್ ಅಂತ ಇರೋದು. ನಾವೊಂದು ಹೆಸರು ಇಟ್ಕೊಂಡ್ರೆ ಸಾಕು, ಅಡ್ರೆಸ್ ಬದಲಾದಾಗೆಲ್ಲಾ ರೂಟರೇ ಹೋಗಿ ಆ ಹೆಸರಿನ ಮುಂದೆ ಹೊಸದನ್ನ ಬರೆಸಿ ಬರುತ್ತೆ. ರಿಪೀಟರಲ್ಲೇ ಆ ಸೌಲಭ್ಯ ಇತ್ತು. ಹೆಸರು ಹಾಕಿದೆ, ಹಸಿರು ಟಿಕ್ ಬಂತು. ಮನೇಲಿ ಕೂತು ಫೋನ್ ತೆಗೆದ್ರೆ ಕೆಂದಿ ಮೆಲುಕು ಹಾಕೋದು ಕಾಣ್ತು. ನಾನು ಬೀಗಿದ್ದೇ ಬೀಗಿದ್ದು!

ಅತ್ತೆ ಸುಲಭಕ್ಕೆ ನಂಬೋ ಪೈಕಿ ಅಲ್ಲ. "ಮನೇಲಿ ಕಂಡ್ರೆ ಏನು ಬಂತು, ಬಾಗ್ಲು ತೆಗೆದ್ರೂ ಕಾಣ್ತದೆ. ನಡಿ ಬಸ್‌ಸ್ಟಾಪ್‌ಗೆ" ಅಂದ್ರು. ಶನಿವಾರ ಬೆಳಗ್ಗೆ ಇಬ್ಬರೂ ಹೋದ್ವಿ. ಫೋನ್ ತೆಗೆದೆ. ಗಿರಗಿರ ಸುತ್ತಿತು, ಸುತ್ತಿತು, ಆಮೇಲೆ ಬಿಳೀ ಹಾಳೆ. ಇನ್ನೊಂದ್ಸಲ, ಮತ್ತೊಂದ್ಸಲ. ಅತ್ತೆ ಬಲಗಣ್ಣನ್ನ ಪರದೆಗೆ ಅಂಟಿಸಿ, "ಎಲ್ಲೇ ಕುರಿ? ಮಂಜು ಬಿದ್ದದಾ?" ಅಂದ್ರು. ಬಸ್ಸು ಕಾಯ್ತಿದ್ದೋರೆಲ್ಲಾ ನೋಡ್ತಿದ್ರು. ನಂಗೆ ಭೂಮಿ ಬಾಯಿ ಬಿಟ್ಟಿದ್ರೆ ಇಳಿದುಬಿಡ್ತಿದ್ದೆ.

ಮನೆಗೆ ಬಂದ್ರೆ ಮತ್ತೆ ಕಾಣ್ತು! ರಿಪೀಟರ್ ಆಫ್ ಮಾಡಿ ಆನ್ ಮಾಡಿದೆ, ಹೆಸರು ಅಳಿಸಿ ಬರೆದೆ, ಕ್ಯಾಮೆರಾನ ಬೈದೆ, ಗಂಡನ್ನೂ ಬೈದೆ. "ನಾನೇನು ಮಾಡ್ದೆ?" ಅಂದ್ರು. "ಏನೂ ಮಾಡ್ಲಿಲ್ಲ, ಅದಕ್ಕೇ" ಅಂದೆ. ಕೊನೆಗೆ ಹಳೇ ಸೆಂಟರ್‌ನಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಸುದೀಪನಿಗೆ ಫೋನ್ ಮಾಡಿದೆ.

"ನಿನ್ನ ಹೆಸರಿನ ಮುಂದೆ ಯಾವ ಅಡ್ರೆಸ್ ಬರೆಸಿಬಂದಿದೆ ಓದು" ಅಂದ.

"ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು..."

ಅಷ್ಟಕ್ಕೇ ನಕ್ಕುಬಿಟ್ಟ. "ಲೇ ನಯನಾ, ಅದು ಮನೆಯೊಳಗಿನ ಅಡ್ರೆಸ್ ಕಣೇ! ನಿನ್ನ ರಿಪೀಟರ್‌ಗೆ ಹೊರಗಿನ ಪ್ರಪಂಚ ಗೊತ್ತಿಲ್ಲ, ದೊಡ್ಡ ರೂಟರ್ ಕೊಟ್ಟಿದ್ದಷ್ಟೇ ಗೊತ್ತು. ನಿಮ್ಮನೆ ಎಲ್ಲಮ್ಮಾ ಅಂತ ಕೇಳಿದ್ರೆ ಅಡುಗೆಮನೆ ಪಕ್ಕದ ಕೋಣೆ ಅಂದಂಗಾಯ್ತು. ಮನೆಯೊಳಗಿರೋರಿಗೆ ಸರಿ, ತರೀಕೆರೇಲಿ ಇರೋರಿಗೆ ಏನು ಗೊತ್ತಾಗುತ್ತೆ? ಹೆಸರನ್ನ ದೊಡ್ಡ ರೂಟರ್‌ಗೆ ಹಾಕು. ಅಲ್ಲಿಂದ ರಿಪೀಟರ್‌ಗೆ, ರಿಪೀಟರಿಂದ ಕ್ಯಾಮೆರಾಗೆ ದಾರಿ ಬಿಡು. ಮುಗೀತು."

ಅವನಿಗೆ ಮುಗೀತು. ದೊಡ್ಡ ರೂಟರ್ ಇರೋದು ಭಾವನ ನಡುಮನೆ ಟೀವಿ ಪಕ್ಕ. ಕದ್ದು ವೈಫೈ ಎಳೆಯೋದು ಬೇರೆ, ಹೋಗಿ ಅವರ ರೂಟರ್ ಬಿಚ್ಚೋದು ಬೇರೆ.

ಗಂಡನಿಗೆ ಹೇಳಲೇಬೇಕಾಯ್ತು. ಹೇಳಿದ ಕೂಡ್ಲೇ ರಾಗಿ ಡ್ರಮ್ ಕಡೆ ಹಾವು ಕಂಡಂಗೆ ನೋಡಿದ್ರು. "ಇಷ್ಟು ದಿನ ನಾನು ಕಬಡ್ಡಿ ನೋಡಿದ್ದು ಅವನ ನೆಟ್ಟಲ್ಲಾ? ಕಿತ್ತು ಬಿಸಾಕು ಮೊದ್ಲು!"

"ಬಿಸಾಕ್ತೀನಿ. ಅದರ ಜೊತೆ ನಿಮ್ಮವ್ವನ ಕಣ್ಣನ್ನೂ ಬಿಸಾಕೋಣ ನಡೀರಿ" ಅಂದೆ. ಅಂದ್ಮೇಲೆ ಜಾಸ್ತಿ ಆಯ್ತು ಅನ್ನಿಸ್ತು. ಅವರು ಕೂತ್ಕೊಂಡ್ರು, ಎದ್ರು, ಲುಂಗಿ ಬಿಟ್ಟು ಪ್ಯಾಂಟ್ ಹಾಕ್ಕೊಂಡ್ರು. ಪಕ್ಕದ ಮನೆಗೆ ಹೋಗೋಕೆ ಪ್ಯಾಂಟು! ನಗು ಬಂದ್ರೂ ತಡ್ಕೊಂಡೆ.

ಭಾನುವಾರ ಮಧ್ಯಾಹ್ನ ಹೋದ್ವಿ. ನಮ್ಮೋರು ಹೊಸ್ತಿಲಾಚೆ ನಿಂತ್ರು. ಭಾವ ಮಂಚದ ಮೇಲೆ ಕೂತು ಎಲೆಅಡಿಕೆ ಹಾಕ್ತಿದ್ರು. ನಾನು ತಲೆ ತಗ್ಗಿಸಿ ಎಲ್ಲಾ ಹೇಳಿದೆ, ಪಾಸ್‌ವರ್ಡು, ಡ್ರಮ್ಮು, ಕ್ಯಾಮೆರಾ, ಅತ್ತೆ ಕಣ್ಣು. ಕರಿಬಸಮ್ಮಕ್ಕ ಒಲೆ ಮುಂದೆ ಉಸಿರು ಬಿಗಿಹಿಡ್ಕೊಂಡು ನಿಂತಿದ್ರು. ಭಾವ ಬೈತಾರೆ ಅನ್ಕೊಂಡ್ರೆ, ಎದ್ದುಹೋಗಿ ಎಲೆಅಡಿಕೆ ಉಗಿದು ಬಂದ್ರು.

"ಗೊತ್ತು ಕಣವ್ವ" ಅಂದ್ರು. "ನಾನು ಕಬಡ್ಡಿ ಹಾಕಿದ ದಿನವೆಲ್ಲಾ ಆಟ ಅಲ್ಲಲ್ಲೇ ನಿಂತ್ಕಂಬುಡೋದು. ಗೋಡೆ ಆಚೆಯಿಂದ ಅದೇ ಆಟದ ಸದ್ದು. ನನ್ನ ನೆಟ್ಟು ಯಾರು ಎಳೀತಾವ್ರೆ ಅಂತ ತಿಳಿಯಲ್ವಾ? ಕೇಬಲ್‌ನೋನು ಪಾಸ್‌ವರ್ಡ್ ಬದಲಾಯಿಸಿ ಕೊಡ್ಲಾ ಅಂದ. ಬ್ಯಾಡ ಬಿಡಪ್ಪಾ, ನೋಡ್ಕಳ್ಳಿ ಅಂದೆ."

ಹೊಸ್ತಿಲಾಚೆ ನಮ್ಮೋರು ಕೆಮ್ಮಿದ್ರು. ಮೂರು ವರ್ಷ ಮಾತಿಲ್ಲದ ಮನುಷ್ಯ ತಮ್ಮ ಕಬಡ್ಡಿ ನೋಡ್ಲಿ ಅಂತ ತನ್ನ ಆಟ ನಿಂತ್ರೂ ಸುಮ್ನಿದ್ದ. ಇಂಥೋರನ್ನ ಏನು ಅನ್ನೋದು ಹೇಳಿ!

ರೂಟರ್ ತಿರುಗಿಸಿ ನೋಡಿದ್ರೆ ಅದರ ಸೆಟ್ಟಿಂಗ್ ಒಳಗೆ ಹೋಗೋ ಪಾಸ್‌ವರ್ಡ್ ಇರೋ ಚೀಟಿ ಮೇಲೆ ದಪ್ಪಗೆ ಭಂಡಾರ. ಆಯುಧಪೂಜೆಲಿ ಟ್ರ್ಯಾಕ್ಟರ್‌ಗೆ, ಮಚ್ಚಿಗೆ ಹಾಕಿದಂಗೆ ಭಾವ ರೂಟರ್‌ಗೂ ದೇವರ ಅರಿಶಿನ ಮೆತ್ತಿದ್ರು, ಅದೂ ಸರಿಯಾಗಿ ನಂಬರ್ ಮೇಲೇ. ಅಕ್ಕ ಸೆರಗಲ್ಲಿ ಒರೆಸಿ ಒರೆಸಿ ಓದಿದ್ರು. ನಾನು ಹೆಸರು ಹಾಕಿದೆ, ದಾರಿ ಬಿಟ್ಟೆ. ನಡುವೆ ನಮ್ಮೋರು ಹೊಸ್ತಿಲಿಂದ, "ಟೀವಿ ವೈರು ಕಾಲಿಗೆ ಸಿಕ್ತದೆ ಅಂತ ಹೇಳೇ" ಅಂದ್ರು. ಭಾವ, "ಕಣ್ಣು ಕಾಣ್ತದೆ ಅಂತ ಹೇಳವ್ವಾ" ಅಂದ್ರು. ಕುರಿ ಕೆಲಸ ಈಗ ನಂಗೆ ಬಂತು.

ಸಂಜೆ ಬಸ್‌ಸ್ಟಾಪಲ್ಲಿ ಕೆಂದಿ ಕಂಡ್ಳು! ಅತ್ತೆ ಕೈಚೀಲ ಜೋಡಿಸಿಟ್ರು. ಸೋಮವಾರ ಬೆಳಗ್ಗೆ ಹೊರಡೋ ಮುಂಚೆ ಯಾಕೋ ಇರ್ಲಿ ಅಂತ ಫೋನಿನ ವೈಫೈ ಆಫ್ ಮಾಡಿ ನೋಡ್ತೀನಿ, ಮತ್ತೆ ಬಿಳೀ ಹಾಳೆ. ಬಸ್ಸಿಗೆ ಹೊತ್ತಾಗ್ತಿದೆ, ಅತ್ತೆ ಕೈಚೀಲ ಕೆಳಗಿಡ್ತಾ ಇದಾರೆ. ಆಮೇಲೆ ಹೊಳೀತು: ರಿಪೀಟರಲ್ಲಿ ಹಳೇ ಹೆಸರು ಇನ್ನೂ ಹಂಗೇ ಇತ್ತು! ದೊಡ್ಡದು ಸರಿಯಾದ ಅಡ್ರೆಸ್ ಬರೆಸಿಬಂದ್ರೆ, ಚಿಕ್ಕದು ಹಿಂದೇನೇ ಹೋಗಿ ಅಳಿಸಿ "ಅಡುಗೆಮನೆ ಪಕ್ಕ" ಅಂತ ಬರೆಸಿ ಬರ್ತಿತ್ತು. ಒಂದೇ ಮನೆಗೆ ಇಬ್ಬರು ಯಜಮಾನ್ರು. ಚಿಕ್ಕದರ ಬಾಯಿ ಮುಚ್ಚಿಸಿದೆ, ದೊಡ್ಡದರ ಕೈಲಿ ಇನ್ನೊಂದ್ಸಲ ಬರೆಸಿದೆ, ಕೆಂದಿ ಬಂದ್ಳು. ಅತ್ತೆ ಕೈಚೀಲ ಎತ್ಕೊಂಡ್ರು.

ಆಪರೇಷನ್ ಹೂವಿನ ಹಂಗೆ ಆಯ್ತು. ಎಡಗಣ್ಣಿಗೆ ಹತ್ತಿ ಪಟ್ಟಿ ಹಾಕಿ ವಾರ್ಡಿಗೆ ಕಳಿಸಿದ್ರು. "ಅಳಬಾರದು, ಬಗ್ಗಬಾರದು" ಅಂತ ನರ್ಸಮ್ಮ ಹೇಳಿ ಹೋದ್ಳು. ಅವಳ ಬೆನ್ನು ತಿರುಗ್ತಿದ್ದಂಗೆ, "ತೆಗಿಯೇ" ಅಂದ್ರು ಅತ್ತೆ.

ತೆಗೆದೆ. ರೊಪ್ಪ ಕಾಣ್ತು. ಕೆಂದಿ ಮಲಗಿದ್ಳು, ಪಕ್ಕದಲ್ಲಿ ಇಬ್ಬರು ಗಂಡಸರು ಮಂಡಿಯೂರಿ ಕೂತಿದ್ರು. ಚೊಚ್ಚಲು ಈಯ್ತಿತ್ತು, ಮರಿ ಕಾಲು ಮಡಚಿಕೊಂಡು ಬರ್ತಿತ್ತು. ಅತ್ತೆ ನನ್ನ ರಟ್ಟೆ ಹಿಡ್ಕೊಂಡ್ರು.

"ಕೆಂದೀ, ಸ್ವಲ್ಪ ತಡ್ಕೊ ಅಂತ ಹೇಳು, ಎಳೀಬ್ಯಾಡ ಅಂತ ಹೇಳು" ಅಂತ ಭಾವನ ದನಿ.

"ಕೆಂದೀ, ಕಾಲು ಸಿಕ್ತಿಲ್ಲ, ಜಾರ್ತದೆ." ಇದು ನಮ್ಮೋರು. ಕೆಂದಿ ನೋವಿಗೆ ಅರಚಿದ್ಳು. ನಮ್ಮೋರು ಕೂಗಿದ್ರು: "ಅಣ್ಣಾ! ಹಿಡ್ಕೊಳ್ಳೋ, ಇತ್ಲಾಗಿಂದ ಹಿಡ್ಕೊಳ್ಳೋ!"

ಭಾವ ಹಿಡ್ಕೊಂಡ್ರು. ಸರಕ್ಕನೆ ಮರಿ ಬಂತು, ಒದ್ದೆ ಒದ್ದೆ, ತಲೆ ಒದರಿತು. "ಅತ್ತೆ, ಬದುಕೈತೆ! ನೋಡಿ, ಮರಿ ನೋಡಿ!" ಅಂತ ನಾನು ಕುಣಿದುಬಿಟ್ಟೆ.

ಅತ್ತೆ ಮರಿ ಕಡೆ ನೋಡ್ತಾನೇ ಇರಲಿಲ್ಲ. "ಅದನ್ನ ಇನ್ನೊಂದ್ಸಲ ಕೇಳ್ಸು" ಅಂದ್ರು.

"ಯಾವುದು?"

"ಅಣ್ಣಾ ಅಂದ್ನಲ್ಲ."

"ಅದು ಆವಾಗಿಂದು ಅತ್ತೆ. ಹೋಯ್ತು. ಮತ್ತೆ ಬರಲ್ಲ."

ಅತ್ತೆ ಪರದೆ ಮೇಲೆ ಬೆರಳಾಡಿಸಿದ್ರು. "ಮಾತಾಡೋದು ಎಲ್ಲಿ ಒತ್ತಬೇಕು?" ತೋರಿಸಿದೆ. ವಾರ್ಡೆಲ್ಲಾ ತಿರುಗಿ ನೋಡೋ ಹಂಗೆ ಕೂಗಿದ್ರು: "ಲೇ ಭೈರಾ! ಇನ್ನೊಂದ್ಸಲ ಕೂಗೋ ಅವನ್ನ!"

ಅಲ್ಲಿ ಕುರಿಗಳೆಲ್ಲಾ ಬೆಚ್ಚಿದ್ವು. ನಮ್ಮೋರು ಗಾಬರಿ ಬಿದ್ದು ಕಂಬದ ಮೇಲೆ ನೋಡಿದ್ರು. ಕೈತುಂಬಾ ಲೋಳೆ, ಮುಖ ಕೆಂಪಗೆ. ಲುಂಗಿಗೆ ಕೈ ಒರೆಸ್ಕೊಂಡ್ರು. ಆಮೇಲೆ ಮೆಲ್ಲಗೆ, ನಮಗೆ ಕೇಳಿಸಿತೋ ಇಲ್ಲವೋ ಅನ್ನೋ ಹಂಗೆ, "ಅಣ್ಣಾ" ಅಂದ್ರು.

ಭಾವ ಟವೆಲ್ಲಲ್ಲಿ ಮರಿ ಮೂತಿ ಒರೆಸ್ತಿದ್ರು. ತಲೆ ಎತ್ತಲಿಲ್ಲ.

"ಏನ್ಲಾ?" ಅಂದ್ರು.